ಮಗಳಿಗೆ ಹೇಳಿದ ಕೊವಾಲಾ ಪಾಠ

ಆ ವಾರ ನನ್ನ ಪಾಲಿಗೆ ಬಂದ ಪ್ರಾಣಿ ಕೊವಾಲಾ. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ಕೆಳಗೆ ಕನ್ನಡಕದ ಅಂಗಡಿಯಿದ್ದ ಒಂದು ಕಟ್ಟಡದಲ್ಲಿ ನಮ್ಮ ಕಚೇರಿ ಇತ್ತು. ಮಕ್ಕಳು ಮೊಬೈಲಿನಲ್ಲಿ ನೋಡುವ ವಿಜ್ಞಾನದ ಪಾಠಗಳನ್ನು ಅಲ್ಲಿ ಹಲವು ಭಾಷೆಗಳಲ್ಲಿ ತಯಾರಿಸುತ್ತಿದ್ದರು. ಕನ್ನಡಕ್ಕೆಂದು ಇದ್ದವಳು ನಾನೊಬ್ಬಳೇ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಮದುವೆಯಾಗಿ ಗುಜರಾತಿಗೆ ಬಂದು, ಒಂದಷ್ಟು ಕಾಲ ಮನೆಯಲ್ಲೇ ಕೂತು ಬೇಸತ್ತಿದ್ದ ನನಗೆ ಆ ಕೆಲಸ ಸಿಕ್ಕಾಗ ಹೋದ ಜೀವ ಬಂದಂತಾಗಿತ್ತು.

ಬರೆಯಲು ಕೂತಾಗ ಮೊದಲು ಎದುರಾದದ್ದು ಹೆಸರಿನ ತೊಂದರೆ. ‘ಕೋಲಾ’ ಎಂದು ಬರೆದರೆ ಮಕ್ಕಳು ಬಾಟಲಿಯ ತಂಪು ಪಾನೀಯ ಅಂದುಕೊಳ್ಳುತ್ತಾರೆ. ಹಾಗಾಗಿ ‘ಕೊವಾಲಾ’ ಎಂದು ನಾನೇ ತೀರ್ಮಾನಿಸಿದೆ. ಚಿತ್ರ ಬಿಡಿಸುವವರು ಅದನ್ನು ಕರಡಿ ಅಂದುಕೊಂಡಿದ್ದರು. ಕರಡಿಯಲ್ಲ, ಕಾಂಗರೂವಿನ ಹಾಗೆ ಹೊಟ್ಟೆಚೀಲದ ಪ್ರಾಣಿ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ನನಗೆ ಆಗ ಆರು ತಿಂಗಳು ತುಂಬಿತ್ತು. ಕುರ್ಚಿಯ ಬೆನ್ನಿಗೆ ದಿಂಬು ಇಟ್ಟುಕೊಂಡು ಬರೆಯುತ್ತಿದ್ದೆ.

ನನ್ನ ಗಂಡ ಕುಂದಾಪುರದ ಕಡೆಯವರು. ನರೋಡಾದಲ್ಲಿ ಬಟ್ಟೆಯ ಬಣ್ಣಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಊರಿನ ಈ ತುದಿಯಿಂದ ಆ ತುದಿಗೆ, ನದಿ ದಾಟಿ, ಬೈಕಿನಲ್ಲಿ ಹೋಗಿ ಬರುತ್ತಿದ್ದರು. ಎಷ್ಟು ತೊಳೆದರೂ ಅವರ ಉಗುರಿನ ಸಂದಿಯಲ್ಲಿ ಒಂದು ಹಳದಿ ಉಳಿದೇ ಇರುತ್ತಿತ್ತು. ಮಾತು ಕಡಿಮೆ. ಊಟಕ್ಕೆ ಕೂತಾಗ ಮಾತ್ರ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು, “ಇವತ್ತು ಯಾವ ಪ್ರಾಣಿ?”

ಅಂದು ನಾನು ಕೊವಾಲಾ ಹುಟ್ಟುವ ಭಾಗವನ್ನು ಬರೆದು ಮುಗಿಸಿದ್ದೆ. ಹೇಳಿದೆ. ತಾಯಿಯ ಹೊಟ್ಟೆಯಲ್ಲಿ ಮರಿ ಇರುವುದು ತಿಂಗಳ ಮೇಲೆ ನಾಲ್ಕೈದು ದಿನ ಅಷ್ಟೇ. ಹುಟ್ಟುವಾಗ ನೆನೆಸಿದ ಅವರೆಕಾಳಿನಷ್ಟು. ಕಣ್ಣಿಲ್ಲ, ಕಿವಿಯಿಲ್ಲ, ಮೈಮೇಲೆ ಒಂದು ಕೂದಲೂ ಇಲ್ಲ. ಮುಂಗಾಲು ಗಟ್ಟಿ, ಮೂಗು ಚುರುಕು. ಅದಿಷ್ಟನ್ನೇ ನಂಬಿಕೊಂಡು ಅದು ತಾಯಿಯ ಕೂದಲು ಹಿಡಿದು ತೆವಳಿ ತಾನೇ ಚೀಲ ಸೇರಬೇಕು. ಅಲ್ಲಿ ಮೊಲೆತೊಟ್ಟು ಬಾಯಿಗೆ ಸಿಕ್ಕ ಕೂಡಲೇ ಆ ತೊಟ್ಟು ಬಾಯೊಳಗೇ ಉಬ್ಬಿಕೊಳ್ಳುತ್ತದೆ, ಮರಿ ಕಳಚಿ ಬೀಳದ ಹಾಗೆ. ಮುಂದೆ ಆರು ತಿಂಗಳು ಅದಕ್ಕೆ ಆ ಚೀಲವೇ ಲೋಕ.

ಅವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಹೊಟ್ಟೆಯ ಕಡೆ ನೋಡಿದರು.

“ಅಷ್ಟು ಸಣ್ಣದು ಬದುಕ್ತದಾ?”

“ಬದುಕ್ತದರಿ. ಇಲ್ಲಾಂದ್ರ ಜಾತಿನ ಉಳೀತಿದ್ದಿಲ್ಲ.”

“ದೇವರ ಕೆಲಸ ಮಾರಾಯ್ತಿ,” ಎಂದು ಅವರು ಮತ್ತೆ ಅನ್ನಕ್ಕೆ ಕೈ ಹಾಕಿದರು.

ಎರಡೋ ಮೂರೋ ದಿನ ಕಳೆದಿರಬಹುದು. ಕಚೇರಿಯಲ್ಲಿ ಬೆಳಗ್ಗೆಯಿಂದ ತಲೆ ಸಿಡಿಯುತ್ತಿತ್ತು. ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಬಸುರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿನ ಪರದೆಯ ಮೇಲೆ ಬೆಳ್ಳಿಚುಕ್ಕೆಗಳು ಹಾರಾಡತೊಡಗಿದವು. ಪಕ್ಕದಲ್ಲಿದ್ದ ಗುಜರಾತಿ ಹುಡುಗಿ ನನ್ನ ಮುಖ ನೋಡಿ ಹೆದರಿ ರಿಕ್ಷಾ ಕರೆದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ವೈದ್ಯೆ ರಕ್ತದೊತ್ತಡ ನೋಡಿದರು. ಪಟ್ಟಿ ಬಿಚ್ಚಿ, ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದರು. ಆಮೇಲೆ ನನ್ನೊಂದಿಗೆ ಮಾತಾಡದೆ, ಜೊತೆಗೆ ಬಂದಿದ್ದ ಹುಡುಗಿಗೆ, “ಇವರ ಗಂಡನನ್ನು ಕರೆಸು, ಈಗಲೇ,” ಎಂದು ಹಿಂದಿಯಲ್ಲಿ ಹೇಳಿದರು.

ಗಂಡ ನರೋಡಾದಿಂದ ಬಂದು ಮುಟ್ಟಿದಾಗ ನನ್ನ ಕೈಗೆ ಸೂಜಿ ಚುಚ್ಚಿ ಆಗಿತ್ತು. ವೈದ್ಯೆ ಅವರಿಗೆ ನಿಂತಲ್ಲೇ ವಿವರಿಸಿದರು. ಒತ್ತಡ ಇಳಿಯುತ್ತಿಲ್ಲ, ಮೂತ್ರಪಿಂಡಕ್ಕೆ ತಾಗಿದೆ, ಹೀಗೇ ಬಿಟ್ಟರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಮಗುವನ್ನು ಹೊರಗೆ ತೆಗೆಯದೆ ಬೇರೆ ದಾರಿಯಿಲ್ಲ. ಅವರು ತಲೆಯಾಡಿಸುತ್ತಲೇ ಇದ್ದರು. ಆಮೇಲೆ ನನ್ನ ಹತ್ತಿರ ಬಂದು, “ನೀನು ಹೆದರ್ಬೇಡ,” ಎಂದರು.

ಹೆಣ್ಣು ಮಗು. ತೂಕ ಮುಕ್ಕಾಲು ಕಿಲೋ.

ಮಗುವನ್ನು ಮೊದಲು ನೋಡಿದವರು ಅವರೇ. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕರೆದುಕೊಂಡು ಹೋದದ್ದು ಮರುದಿನ. ಮೊಣಕೈತನಕ ತೊಳೆದುಕೊಂಡು, ಹಸಿರು ನಿಲುವಂಗಿ ಹಾಕಿಕೊಂಡು ಒಳಗೆ ಹೋದರೆ ಸಾಲಾಗಿ ಗಾಜಿನಂಥ ಪೆಟ್ಟಿಗೆಗಳು. ನಮ್ಮದರ ಮೇಲೆ ‘ಇಂಥವಳ ಮಗು’ ಎಂದು ನನ್ನ ಹೆಸರಿನ ಚೀಟಿ. ಒಳಗೆ ಕೆಂಪಗೆ, ಚರ್ಮದ ಅಡಿಯ ನರಗಳೆಲ್ಲ ಕಾಣುವಂಥ ಒಂದು ಮೈ. ಭುಜದ ಮೇಲೆ ರೇಷ್ಮೆಯಂಥ ಸಣ್ಣ ಕೂದಲು. ಕಿವಿಯಲ್ಲಿ ಇನ್ನೂ ಮೆದು ಎಲುಬು ಕೂಡಿರಲಿಲ್ಲ, ಮಡಚಿದರೆ ಮಡಚಿದ ಹಾಗೆಯೇ ಉಳಿಯುತ್ತಿತ್ತು. ಮೂಗಿಗೆ ಉಸಿರಿನ ಯಂತ್ರದ ಕೊಳವೆ, ಬಾಯಿಗೆ ಹಾಲಿನ ಕೊಳವೆ. ನಾನು ಬಹಳ ಹೊತ್ತು ನೋಡಿದೆ. ನನ್ನ ಮಗಳು ಎಂಬ ಭಾವ ಆಗ ಬರಲಿಲ್ಲ. ಇಷ್ಟು ಬೇಗ ಯಾರು ಇವಳನ್ನು ಹೊರಗೆ ಕಳಿಸಿದರು ಎಂದಷ್ಟೇ ಅನ್ನಿಸಿತು. ಕಳಿಸಿದ್ದು ನನ್ನ ಮೈಯೇ.

ಹೊರಗೆ ಬಂದ ಮೇಲೆ ಅವರು ಕೇಳಿದರು, “ನೀನು ಅವತ್ತು ಹೇಳಿದ್ದೆಯಲ್ಲ, ಆ ಪ್ರಾಣಿಯದ್ದು. ಕಾಳಿನಷ್ಟು ಮರಿ. ಅದು ಬದುಕ್ತದಲ್ಲ?”

ನನಗೆ ಅವರ ಮನಸ್ಸು ಎಲ್ಲಿಗೆ ಓಡುತ್ತಿದೆ ಎಂದು ತಿಳಿಯಿತು.

“ಅದರದು ಬ್ಯಾರೆ ರಿ. ಅದು ಹುಟ್ಟೋ ಹೊತ್ತಿಗೇ ಹುಟ್ಟತದ. ಅವಸರ ಮಾಡಿ ಬಂದಿರೂದಿಲ್ಲ. ಅಷ್ಟರಾಗ ಅದಕ್ಕ ಏನು ಬೇಕೋ ಎಲ್ಲಾ ತಯಾರಾಗಿರತದ. ಹತ್ತಲಿಕ್ಕೆ ಕೈ, ಹಿಡೀಲಿಕ್ಕೆ ಬಾಯಿ, ತಾಯಿ ಹೊಟ್ಟಿಮ್ಯಾಲೆ ಚೀಲ. ನಮ್ಮದು ಏನೂ ತಯಾರಾಗಿಲ್ಲ.”

“ಹ್ಞೂಂ,” ಎಂದರು. “ಆದರೂ ಇವಳು ಅದಕ್ಕಿಂತ ಎಷ್ಟೋ ದೊಡ್ಡವಳಲ್ಲ,” ಎಂದರು.

ನನ್ನ ತಾಯಿ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಅತ್ತೆಗೆ ಮಂಡಿನೋವು, ಅಷ್ಟು ದೂರ ರೈಲಿನಲ್ಲಿ ಬರಲಾಗಲಿಲ್ಲ. ಆ ದಿನಗಳಲ್ಲಿ ನಮ್ಮನ್ನು ನೋಡಿಕೊಂಡವರು ನಮ್ಮ ಬೀದಿಯ ಉಡುಪಿ ಹೋಟೆಲಿನ ಅಕ್ಕ. ಅಕ್ಕನ ಗಂಡ ಗಲ್ಲಾದಲ್ಲಿ ಕೂತರೆ ಅಡುಗೆಮನೆಯ ಮೇಲೆ ಕಣ್ಣಿಡುತ್ತಿದ್ದವರು ಅವರು. ದಿನಾ ಸ್ಟೀಲಿನ ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ, ಒಗ್ಗರಣೆ ಹಾಕಿದ ತಂಬುಳಿ ತರುತ್ತಿದ್ದರು. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಗಂಜಿ ಸೇರುವುದಿಲ್ಲ ಎಂದು ಗೊತ್ತಿದ್ದೂ ಎದುರು ಕೂತು ಕುಡಿಸುತ್ತಿದ್ದರು.

“ಹಾಲು ಬರ್ಬೇಕಾದ್ರೆ ಹೊಟ್ಟೆಗೆ ಬೀಳ್ಬೇಕು. ನನ್ನ ಎರಡನೆಯವನೂ ಹೀಗೇ, ಏಳು ತಿಂಗಳಿಗೆ ಹುಟ್ಟಿದ್ದು. ಈಗ ನೋಡು, ಹೇಗಿದ್ದಾನೆ. ಕನ್ನಡದಲ್ಲಿ ಕರೆದ್ರೆ ಗುಜರಾತಿಯಲ್ಲಿ ಬೈತಾನೆ ನನಗೆ!”

ಅವರು ನಗಿಸಲು ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ಏಳು ತಿಂಗಳಿಗೂ ಆರಕ್ಕೂ ನಡುವೆ ಇರುವ ಒಂದು ತಿಂಗಳು ಎಷ್ಟು ದೊಡ್ಡದು ಎಂದು ಆ ಹೊತ್ತಿಗೆ ನನಗೆ ತಿಳಿದಿತ್ತು.

ಹಾಲು ಬರುತ್ತಿತ್ತು. ಯಂತ್ರದಿಂದ ತೆಗೆದ ಹಾಲನ್ನು ದಾದಿ ಸಿರಿಂಜಿನಲ್ಲಿ ಎಳೆದು ಕೊಳವೆಗೆ ಬಿಡುತ್ತಿದ್ದಳು. ಒಂದು ಚಮಚದ ಕಾಲುಭಾಗ. ಆ ದಾದಿ ಮೆಹಸಾಣಾ ಕಡೆಯ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಪೆಟ್ಟಿಗೆಯ ಮುಂದೆ ನಾವಿಬ್ಬರೂ ಸುಮ್ಮನೆ ನಿಂತಿರುವುದನ್ನು ನೋಡಿ ಒಂದು ದಿನ, “ಏನೀ ಸಾಥೇ ವಾತ್ ಕರೋ,” ಎಂದಳು. ಅವಳ ಜೊತೆ ಮಾತಾಡಿ, ನಿಮ್ಮ ಭಾಷೆಯಲ್ಲೇ ಮಾತಾಡಿ, ಹೊಟ್ಟೆಯಲ್ಲಿದ್ದಾಗ ಕೇಳಿದ ದನಿ ಅವಳಿಗೆ ಗುರುತು ಸಿಗುತ್ತದೆ.

ನನಗೆ ಆಗಲಿಲ್ಲ. ಬಾಯಿ ತೆರೆದರೆ ಅಳುವೇ ಬರುತ್ತಿತ್ತು. ಗಂಡ ಮುಂದೆ ಬಂದರು. ಪೆಟ್ಟಿಗೆಯ ಪಕ್ಕದ ದುಂಡನೆಯ ಕಿಂಡಿಯ ಹತ್ತಿರ ಬಾಗಿ, ನನ್ನ ಕಡೆ ತಿರುಗಿ ನೋಡಿದರು.

“ಎಂತ ಹೇಳುದು?”

“ಏನರ ಹೇಳ್ರಿ.”

ಅವರು ಗಂಟಲು ಸರಿಮಾಡಿಕೊಂಡರು. “ನೋಡು ಮಗಾ, ಕೊವಾಲಾ ಅಂತ ಒಂದು ಪ್ರಾಣಿ ಉಂಟು. ಕರಡಿ ಅಲ್ಲ, ಆಯ್ತಾ? ನಿನ್ನ ಅಮ್ಮನ ಎದುರು ಕರಡಿ ಅಂತ ಮಾತ್ರ ಹೇಳ್ಬೇಡ. ಆಸ್ಟ್ರೇಲಿಯಾದಲ್ಲಿ ಇರುದು. ನೀಲಗಿರಿ ಮರದಲ್ಲೇ ವಾಸ, ನೀಲಗಿರಿ ಎಲೆಯೇ ಊಟ. ಇಡೀ ದಿನ ಮಲಗುದು. ಹದಿನೆಂಟು ಗಂಟೆ, ಇಪ್ಪತ್ತು ಗಂಟೆ. ಸೋಮಾರಿ ಅಲ್ಲ ಮತ್ತೆ. ಆ ಎಲೆಯಲ್ಲಿ ಶಕ್ತಿಯೇ ಇಲ್ಲ, ಎಂತ ಮಾಡುದು? ಮಲಗಿ ಮಲಗಿ ಇದ್ದ ಶಕ್ತಿ ಉಳಿಸುದು. ನೀನೂ ಮಲಗು. ಬೇರೆ ಎಂತ ಕೆಲಸ ಉಂಟು ನಿನಗೆ?”

ಯಂತ್ರದ ಪರದೆಯ ಮೇಲೆ ಉಸಿರಿನ ಗೆರೆ ಹಾಗೇ ಏರಿ ಇಳಿಯುತ್ತಿತ್ತು. ದಾದಿಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಆದರೂ ಅವಳು, “ಸರಸ್,” ಎಂದಳು. ಚೆನ್ನಾಗಿದೆ ಎಂದು.

ಅಂದಿನಿಂದ ಅದು ರೂಢಿಯಾಯಿತು. ಅವರು ಕಾರ್ಖಾನೆಯಿಂದ ನೇರವಾಗಿ ಬರುತ್ತಿರಲಿಲ್ಲ. ಮನೆಗೆ ಹೋಗಿ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಸ್ಪತ್ರೆಯ ನಲ್ಲಿಯಲ್ಲಿ ಮತ್ತೆ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಉಗುರಿನ ಆ ಹಳದಿ ಎಲ್ಲಿ ಮಗುವಿಗೆ ತಾಗೀತೋ ಎಂಬ ಭಯ. ಮಗುವನ್ನು ಮುಟ್ಟಿ ಎಂದು ದಾದಿ ಹೇಳಿದರೂ ಮುಟ್ಟುತ್ತಿರಲಿಲ್ಲ. ಮಾತು ಮಾತ್ರ ಆಡುತ್ತಿದ್ದರು. ದಿನಕ್ಕೊಂದು ಸಂಗತಿ. ನಾನು ಹೇಳಿದ್ದು ಮುಗಿದ ಮೇಲೆ ಮೊಬೈಲಿನಲ್ಲಿ ತಾವೇ ಹುಡುಕಿ ಓದಿಕೊಂಡು ಬರುತ್ತಿದ್ದರು. ಅನುಮಾನ ಇದ್ದರೆ ಹೊರಗಿನ ಬೆಂಚಿನಲ್ಲೇ ನನ್ನನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಮಗಳಿಗೆ ತಪ್ಪು ಹೇಳಬಾರದಲ್ಲ.

ಅವಳಿಗೆ ಅವರು ಹೇಳಿದ್ದೆಲ್ಲ ನನಗೆ ನೆನಪಿದೆ. ಕೊವಾಲಾದ ಮುಂಗೈಯಲ್ಲಿ ಎರಡು ಹೆಬ್ಬೆರಳು, ಕೊಂಬೆ ಬಿಗಿಯಾಗಿ ಹಿಡಿಯಲು. ಅದರ ಬೆರಳಿಗೆ ನಮ್ಮ ಬೆರಳಿನಂಥದೇ ಗೆರೆಗಳು, ಹೆಬ್ಬೆಟ್ಟು ಒತ್ತಿದರೆ ಮನುಷ್ಯನದೋ ಅದರದೋ ಎಂದು ಹೇಳುವುದು ಕಷ್ಟ. ನೀರು ಕುಡಿಯುವುದು ಅಪರೂಪ, ಎಲೆಯ ತೇವವೇ ಸಾಕು. ನೀಲಗಿರಿ ಎಲೆಯಲ್ಲಿ ಬೇರೆ ಪ್ರಾಣಿಗಳು ತಿಂದರೆ ಸಾಯುವಷ್ಟು ವಿಷ, ಆದರೆ ಇದರ ಪಿತ್ತಜನಕಾಂಗ ಆ ವಿಷವನ್ನು ಒಡೆದು ಹೊರಗೆ ಹಾಕುತ್ತದೆ. ಗಂಡು ಕೊವಾಲಾ ನೋಡಲು ಗೊಂಬೆಯಂತಿದ್ದರೂ ಕೂಗಿದರೆ ಹಂದಿಯೂ ಗೂಳಿಯೂ ಒಟ್ಟಿಗೆ ಕೂಗಿದ ಹಾಗೆ. ಆ ಕೂಗನ್ನು ಅವರು ತಗ್ಗಿದ ದನಿಯಲ್ಲಿ ಮಾಡಿ ತೋರಿಸಿದಾಗ ಪಕ್ಕದ ಪೆಟ್ಟಿಗೆಯ ತಾಯಿ ಬೆಚ್ಚಿಬಿದ್ದು ನೋಡಿದಳು. ಅವರು ನಾಚಿ ಕೈಮುಗಿದರು. ಐದು ವರ್ಷದ ಸಂಸಾರದಲ್ಲಿ ಅವರು ನನ್ನ ಜೊತೆ ಅಷ್ಟು ಮಾತಾಡಿದ್ದಿಲ್ಲ.

ಒಂದು ದಿನ ಮರಿಯ ಆಹಾರದ ಸರದಿ ಬಂತು. ಚೀಲದಿಂದ ತಲೆ ಹೊರಗೆ ಹಾಕುವ ವಯಸ್ಸಿಗೆ ತಾಯಿ ಕೊವಾಲಾ ಮರಿಗೆ ಒಂದು ಬಗೆಯ ಮೆತ್ತನೆಯ ಸಗಣಿಯನ್ನು ತಿನ್ನಿಸುತ್ತದೆ. ಅದು ಮಾಮೂಲಿ ಹಿಕ್ಕೆಯಲ್ಲ. ತಾಯಿಯ ಕರುಳಲ್ಲಿರುವ, ನೀಲಗಿರಿ ಎಲೆಯನ್ನು ಅರಗಿಸಲು ಬೇಕಾದ ಸೂಕ್ಷ್ಮಜೀವಿಗಳು ಅದರ ಮೂಲಕವೇ ಮರಿಯ ಹೊಟ್ಟೆ ಸೇರಬೇಕು. ಅದಿಲ್ಲದಿದ್ದರೆ ಮರಿ ಎಲೆ ತಿಂದೂ ಉಪವಾಸ ಸಾಯುತ್ತದೆ. ಇದನ್ನು ಮಗಳಿಗೆ ಹೇಗೆ ಹೇಳುವುದೆಂದು ಅವರಿಗೆ ಬಹಳ ಯೋಚನೆಯಾಯಿತು.

“ಅಮ್ಮ ಹೊಟ್ಟೆಯೊಳಗೇ ಒಂದು ಗಂಜಿ ಮಾಡ್ತಾಳೆ ಮಗಾ,” ಎಂದರು ಕೊನೆಗೆ. “ಆ ಗಂಜಿ ಕುಡಿದ ಮೇಲೆ ಮರಿಗೆ ಎಂತ ತಿಂದರೂ ಅರಗ್ತದೆ. ನಿನಗೂ ನಿನ್ನಮ್ಮ ಈಗ ಕೊಡ್ತಿರುದು ಅದೇ.”

ಕೆಲವು ವಾರ ಹೀಗೆ ಹೋದವು. ತೂಕ ಒಂದು ದಿನ ಏರಿದರೆ ಮರುದಿನ ಇಳಿಯುತ್ತಿತ್ತು. ಉಸಿರಾಡುವುದನ್ನೇ ಮರೆತು ನೀಲಿಯಾಗುತ್ತಿದ್ದಳು, ದಾದಿ ಪಾದಕ್ಕೆ ಬೆರಳಿನಿಂದ ತಟ್ಟಿದರೆ ನೆನಪಾಗಿ ಮತ್ತೆ ಉಸಿರಾಡುತ್ತಿದ್ದಳು. ಮಕ್ಕಳ ವೈದ್ಯರು ಯಾವತ್ತೂ ಒಳ್ಳೆಯದಾಗುತ್ತದೆ ಅನ್ನಲಿಲ್ಲ. “ಇವತ್ತು ಹೀಗಿದೆ,” ಎನ್ನುತ್ತಿದ್ದರು. ನಾಳೆಯ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಆಮೇಲೆ ಒಂದು ಬೆಳಗ್ಗೆ, ಕಾಂಗರೂವಿನ ಹಾಗೆ ಎದೆಗೆ ಹಾಕಿಕೊಳ್ಳಬಹುದು ಎಂದರು. ಅವಧಿಗೆ ಮೊದಲು ಹುಟ್ಟಿದ ಮಕ್ಕಳನ್ನು ತಾಯಿಯ ಬರಿಮೈಗೆ ಒತ್ತಿ ಹಿಡಿದರೆ ಬಿಸಿ ಉಳಿಯುತ್ತದೆ, ಉಸಿರು ಸರಿಹೋಗುತ್ತದೆ. ಆಸ್ಪತ್ರೆಯಲ್ಲಿ ಅದಕ್ಕೆ ಕಾಂಗರೂ ಎಂದೇ ಹೆಸರು. ಒರಗುಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಕುಪ್ಪಸ ಬಿಚ್ಚಿಸಿ, ದಾದಿ ಕೊಳವೆಗಳ ಸಮೇತ ಅವಳನ್ನು ತಂದು ನನ್ನ ಎದೆಯ ಮೇಲೆ ಮಲಗಿಸಿ ಮೇಲೊಂದು ಬಟ್ಟೆ ಹೊದಿಸಿದಳು.

ಭಾರವೇ ಇರಲಿಲ್ಲ. ಒದ್ದೆ ಕರವಸ್ತ್ರ ಇಟ್ಟ ಹಾಗೆ. ಆದರೆ ಬಿಸಿ ಇತ್ತು. ಅವಳ ಕೈ ನನ್ನ ಕೊರಳಿನ ತಾಳಿ ಇರುವ ಜಾಗದಲ್ಲಿ ಏನನ್ನೋ ತಡಕಾಡಿ, ಬೆರಳಿಗೆ ಸಿಕ್ಕ ಚರ್ಮವನ್ನು ಹಿಡಿದುಕೊಂಡಿತು. ಬಿಡಲಿಲ್ಲ. ಪರದೆಯ ಮೇಲಿನ ಗೆರೆ ಅಷ್ಟು ಸಮವಾಗಿ ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಂದು ಗಂಟೆ ಹಾಗೇ ಕೂತೆ. ಹೊಲಿಗೆ ಹಾಕಿದ ಜಾಗ ಜಗ್ಗುತ್ತಿತ್ತು, ಕಾಲು ಜುಮ್ಮೆನ್ನುತ್ತಿತ್ತು. ಅಲುಗಲಿಲ್ಲ. ಇವಳು ನನ್ನ ಮಗಳು ಎಂದು ನನಗೆ ಅನ್ನಿಸಿದ್ದು ಆಗ. ಆ ಭಾವನೆಯ ಜೊತೆಗೇ ಹೆದರಿಕೆಯೂ ಬಂತು. ಅಲ್ಲಿಯತನಕ ಕಳೆದುಕೊಳ್ಳಲು ನನ್ನ ಹತ್ತಿರ ಏನೂ ಇರಲಿಲ್ಲ.

“ನೀವೂ ಹಾಕಿಕೊಳ್ಳಿ ಭಾಯ್,” ಎಂದು ದಾದಿ ಗಂಡನಿಗೆ ಹೇಳಿದಳು. ಅವರು ಹಿಂದೆ ಸರಿದರು. “ಇನ್ನು ಸ್ವಲ್ಪ ದೊಡ್ಡವಳಾಗ್ಲಿ. ನನ್ನ ಮೈಯಲ್ಲಿ ಎಂತೆಂತ ಉಂಟೋ,” ಎಂದು ನನಗೆ ಕನ್ನಡದಲ್ಲಿ ಹೇಳಿದರು.

ಅದಾಗಿ ಎರಡು ದಿನಕ್ಕೆ ಅವಳ ಹೊಟ್ಟೆ ಊದಿಕೊಂಡಿತು. ಕೊಟ್ಟ ಹಾಲು ಹಸಿರಾಗಿ ವಾಪಸು ಬಂತು. ಹಾಲು ನಿಲ್ಲಿಸಿದರು. ಹೊಟ್ಟೆಯ ಚರ್ಮ ಬಿಗಿದು ಹೊಳೆಯತೊಡಗಿತು, ಆಮೇಲೆ ಕಪ್ಪಾಯಿತು. ವೈದ್ಯರು ನಮ್ಮಿಬ್ಬರನ್ನೂ ಕೋಣೆಗೆ ಕರೆದು ಕೂರಿಸಿದರು. ಇಷ್ಟು ಬೇಗ ಹುಟ್ಟಿದ ಮಕ್ಕಳ ಕರುಳು ಹಸಿಯಾಗಿರುತ್ತದೆ, ನಮ್ಮ ನಿಮ್ಮ ಹೊಟ್ಟೆಯಲ್ಲಿ ಉಪಕಾರಕ್ಕಿರುವ ಸೂಕ್ಷ್ಮಜೀವಿಗಳೇ ಅಲ್ಲಿ ಗೋಡೆಯನ್ನು ತಿಂದುಬಿಡುತ್ತವೆ ಎಂದರು. ಕರುಳು ತೂತಾಗಿದೆ. ರಕ್ತಕ್ಕೆ ನಂಜು ಏರಿದೆ. ಈ ಮೈಯಲ್ಲಿ ಶಸ್ತ್ರಚಿಕಿತ್ಸೆ ಆಗುವುದಿಲ್ಲ.

“ಅವಳಿಗೆ ಹಾಲು ಕೊಟ್ಟದ್ದರಿಂದ ಆಯ್ತಾ?” ಎಂದು ನಾನು ಹಿಂದಿಯಲ್ಲಿ ಕೇಳಿದೆ.

“ಇಲ್ಲ. ಹಾಲೊಂದೇ ಅವಳಿಗೆ ಇದ್ದ ರಕ್ಷಣೆ. ಹಾಗೆ ಯೋಚಿಸಬೇಡಿ.”

ಯೋಚಿಸಬೇಡಿ ಎಂದು ಅವರು ಹೇಳಿದರು. ನಾನು ಈಗಲೂ ಯೋಚಿಸುತ್ತೇನೆ.

ಮಧ್ಯಾಹ್ನ ದಾದಿ ಬಂದು, ಯಾರು ಎತ್ತಿಕೊಳ್ಳುತ್ತೀರಿ ಎಂದು ಕೇಳಿದಳು. ಆ ಪ್ರಶ್ನೆಯ ಅರ್ಥ ಇಬ್ಬರಿಗೂ ಆಯಿತು. ಗಂಡ ನನ್ನ ಮುಖ ನೋಡಿದರು. ಕಾರ್ಖಾನೆಗೆ ಹೋದವರು ಕರೆ ಬಂದ ಕೂಡಲೇ ಹಾಗೇ ಓಡಿಬಂದಿದ್ದರು. ಮನೆಗೆ ಹೋಗಿರಲಿಲ್ಲ, ಸ್ನಾನ ಆಗಿರಲಿಲ್ಲ.

“ನೀವು ತೊಗೋರಿ,” ಎಂದೆ. “ನಾ ಒಮ್ಮೆ ತೊಗೊಂಡೇನಿ.”

ಅವರು ಅಂಗಿಯ ಗುಂಡಿಗೆ ಕೈ ಹಾಕಿದರು. ಬೆರಳುಗಳಿಗೆ ಗುಂಡಿ ಸಿಗುತ್ತಿರಲಿಲ್ಲ, ನಾನೇ ಬಿಚ್ಚಿದೆ. ದಾದಿ ಅವರ ಎದೆಯ ಮೇಲೆ ಮಗುವನ್ನು ಇಟ್ಟಳು. ಮೂಗಿನ ಕೊಳವೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದಿದ್ದರು. ಅವರು ಎರಡೂ ಅಂಗೈಗಳನ್ನು ಅವಳ ಬೆನ್ನಿಗೆ ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು ಕೂತರು. ಅಂದು ಕೊವಾಲಾ ಸುದ್ದಿ ಇರಲಿಲ್ಲ. “ಮಗಾ… ಮಗಾ…” ಎನ್ನುತ್ತಿದ್ದರು ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ದಾದಿ ಬಾಗಿ ನೋಡಿ, ಯಂತ್ರವನ್ನು ಆರಿಸಿದಳು. ಅವರು ಗಮನಿಸಲಿಲ್ಲ. ಇನ್ನೂ ಕರೆಯುತ್ತಲೇ ಇದ್ದರು. ನಾನು ಅವರ ಭುಜ ಮುಟ್ಟಿದೆ.

ಅಷ್ಟು ಚಿಕ್ಕ ಮಕ್ಕಳನ್ನು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ಹೋಟೆಲಿನ ಅಕ್ಕನ ಗಂಡ ಕಾರು ತಂದರು. ಹೆಂಗಸರು ಬರಬಾರದು ಎಂದು ಯಾರೋ ಅಂದಾಗ ಅಕ್ಕ, “ಅವಳು ಹೆತ್ತವಳು, ಬರ್ತಾಳೆ,” ಎಂದು ನನ್ನ ಕೈ ಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿದರು. ಊರ ಅಂಚಿನಲ್ಲಿ ಮಕ್ಕಳಿಗೆಂದೇ ಇದ್ದ ಒಂದು ಜಾಗ. ಪಕ್ಕದಲ್ಲಿ ಹೆದ್ದಾರಿ, ಲಾರಿಗಳ ಸದ್ದು. ಅವಳನ್ನು ಸುತ್ತಿದ್ದು ಅಕ್ಕ ತಂದ ಹೊಸ ಬಿಳಿ ಪಂಚೆಯ ತುಂಡಿನಲ್ಲಿ. ಗಂಡ ತಾವೇ ಗುಂಡಿಗೆ ಇಳಿಸಿದರು. ಹೆಸರು ಇಟ್ಟಿರಲಿಲ್ಲ. ಕರೆದು ಅಳಲು ಒಂದು ಹೆಸರೂ ಇರಲಿಲ್ಲ ನನಗೆ.

ಮನೆಗೆ ಬಂದ ಮೇಲೂ ಹಾಲು ಬರುತ್ತಿತ್ತು. ಮೈಗೆ ಸುದ್ದಿ ತಲುಪಿರಲಿಲ್ಲ. ಎದೆ ಕಲ್ಲಾಗಿ ಜ್ವರ ಬಂತು. ಅಕ್ಕ ಎಲೆಕೋಸಿನ ಎಲೆಗಳನ್ನು ತಣ್ಣಗೆ ಮಾಡಿ ತಂದು ಕಟ್ಟಿದರು. “ಅಳು ಮಾರಾಯ್ತಿ, ಒಮ್ಮೆ ಜೋರಾಗಿ ಅಳು,” ಎನ್ನುತ್ತಿದ್ದರು. ಅಳು ಬರಲಿಲ್ಲ. ಬಚ್ಚಲಲ್ಲಿ ನಿಂತು ಹಾಲು ಹಿಂಡಿ ನೀರು ಸುರಿಯುತ್ತಿದ್ದೆ. ಅದು ಪೂರ್ತಿ ಬತ್ತಲು ಬಹಳ ದಿನ ಬೇಕಾಯಿತು. ಬತ್ತಿದ ದಿನ ಅವಳು ಎರಡನೆಯ ಸಲ ಹೋದಳು ಅನ್ನಿಸಿತು.

ತಿಂಗಳು ಕಳೆದು ಪರೀಕ್ಷೆಗೆ ಹೋದಾಗ ವೈದ್ಯೆ ಮೆತ್ತಗೆ ಹೇಳಿದರು. ಇನ್ನೊಮ್ಮೆ ಬಸುರಾದರೆ ಇದೇ ಮರುಕಳಿಸುವ ಸಂಭವ ಹೆಚ್ಚು, ಈ ಸಲಕ್ಕಿಂತ ಬೇಗ ಬರಬಹುದು, ಮೂತ್ರಪಿಂಡ ಇನ್ನೂ ಸುಧಾರಿಸಿಲ್ಲ. “ನಾನಾಗಿದ್ದರೆ ಆ ಯೋಚನೆ ಮಾಡುತ್ತಿರಲಿಲ್ಲ,” ಎಂದರು. ಹೊರಗೆ ಬಂದು ಇಬ್ಬರೂ ಕಬ್ಬಿನ ಹಾಲು ಕುಡಿದೆವು. ಅಷ್ಟು ಬಿಸಿಲು.

ನಾನು ಕೆಲಸಕ್ಕೆ ಮರಳಿದೆ. ನನಗೆ ಬೇರೆ ಪ್ರಾಣಿಗಳನ್ನು ಕೊಟ್ಟರು. ನೀರಾನೆ, ಒಂಟೆ. ಬರೆದೆ. ಆದರೆ ಗಂಡ ಕೊವಾಲಾವನ್ನು ಬಿಡಲಿಲ್ಲ. ಆ ಪ್ರಾಣಿ ಬದುಕುತ್ತದೆ ಎಂಬುದು ಅವರಿಗೆ ಆಧಾರವಾಗಿತ್ತೇನೋ, ಇವಳು ಹೋದ ಮೇಲೂ ಅದನ್ನೇ ಹಿಡಿದುಕೊಂಡಿದ್ದರು. ಭಾನುವಾರದ ಮಧ್ಯಾಹ್ನ ಸೋಫಾದ ಮೇಲೆ ಕೂತು ಮೊಬೈಲಿನಲ್ಲಿ ಓದುತ್ತಿದ್ದರು. ಓದಿದಷ್ಟೂ ಸುದ್ದಿ ಕೆಟ್ಟದ್ದೇ ಸಿಗುತ್ತಿತ್ತು.

“ಎಲೆ ಜಗಿದು ಜಗಿದು ಅದರ ಹಲ್ಲು ಸವೀತದಂತೆ,” ಎಂದರು ಒಂದು ಭಾನುವಾರ. “ಹಲ್ಲು ಹೋದ ಮೇಲೆ ಮರದ ತುಂಬ ಎಲೆ ಇದ್ದರೂ ಹಸಿದು ಸಾಯುದು. ನೀನು ಇದನ್ನು ಹೇಳ್ಲೇ ಇಲ್ಲ.”

“ಅದು ಮಕ್ಕಳ ಪಾಠರಿ. ಹಿಂತಾದ್ದೆಲ್ಲಾ ಹಾಕೂದಿಲ್ಲ.”

ಇನ್ನೊಂದು ಸಲ, “ಕಾಡಿಗೆ ಬೆಂಕಿ ಬಿದ್ದರೆ ಅದಕ್ಕೆ ಓಡ್ಲಿಕ್ಕೆ ಬರುದಿಲ್ಲ. ಮರದ ತುದಿಗೆ ಹತ್ತಿ ಕೂತುಕೊಳ್ತದೆ. ಅಲ್ಲೇ ಸುಟ್ಟುಹೋಗುದು,” ಎಂದರು. ಆಮೇಲೆ ಮರ ಕಡಿಯುವ ಸುದ್ದಿ, ರಸ್ತೆ ದಾಟುವಾಗ ಸಾಯುವ ಸುದ್ದಿ. ಕೊನೆಗೆ ಒಂದು ಸೋಂಕಿನ ಸುದ್ದಿ ಸಿಕ್ಕಿತು. ಜೋರಾಗಿ ಓದಿ ಹೇಳುತ್ತಿದ್ದರು. “ಅದು ಬಂದರೆ ಕಣ್ಣು ಕುರುಡಾಗ್ತದೆ. ಮೂತ್ರಕೋಶ ಹಾಳಾಗ್ತದೆ. ಹೆಣ್ಣುಗಳಿಗೆ ಮತ್ತೆ ಮರಿ—” ಅಲ್ಲಿಗೆ ನಿಲ್ಲಿಸಿದರು. ನಾನು ಅಡುಗೆಮನೆಯಲ್ಲಿ ಮೆಣಸಿನಕಾಯಿ ಹೆಚ್ಚುತ್ತಿದ್ದೆ. ಆ ವಾಕ್ಯದ ಉಳಿದ ಭಾಗ ನನಗೆ ಗೊತ್ತಿತ್ತು. ಅವರು ಮೊಬೈಲು ಆರಿಸಿ, ಮಗುಚಿ ಇಟ್ಟು, ಗೋಡೆಯ ಕಡೆ ತಿರುಗಿ ಮಲಗಿದರು.

“ಅವೂ ಬದುಕುದಿಲ್ಲ ಹಾಗಾದ್ರೆ,” ಎಂದರು ಗೋಡೆಗೆ.

ನಾನು ಏನು ಹೇಳಬಹುದಿತ್ತು? ಕೆಲವು ಬದುಕುತ್ತವೆ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಹೇಳಲು ಮನಸ್ಸಾಗಲಿಲ್ಲ. ಅಂದಿನಿಂದ ಅವರು ಆ ಪ್ರಾಣಿಯ ಮಾತು ಎತ್ತಲಿಲ್ಲ. ಊಟಕ್ಕೆ ಕೂತಾಗ ಇವತ್ತು ಯಾವ ಪ್ರಾಣಿ ಎಂದು ಕೇಳುವುದೂ ನಿಂತಿತು.

ಮರುವರ್ಷ ಅವರಿಗೆ ವಡೋದರಾದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಹಮದಾಬಾದಿನಲ್ಲಿ ಇರುವುದು ಬೇಡ ಎಂದು ಇಬ್ಬರಿಗೂ ಅನ್ನಿಸಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಹೋಟೆಲಿನ ಅಕ್ಕನ ಮನೆಯವರೂ ಆ ಹೊತ್ತಿಗೆ ಸೂರತ್ತಿನ ವರಾಛಾದಲ್ಲಿ ಮೈದುನನ ಹೋಟೆಲು ನೋಡಿಕೊಳ್ಳಲು ಹೊರಟಿದ್ದರು. ಬೀಳ್ಕೊಡುವಾಗ ಅಕ್ಕ ನನ್ನ ಕೆನ್ನೆ ಹಿಡಿದು ಏನೋ ಹೇಳಲು ಹೋಗಿ, ಹೇಳದೆ, ಡಬ್ಬಿಯಲ್ಲಿ ನೀರುದೋಸೆ ಕಟ್ಟಿಕೊಟ್ಟರು. ಮೊದಮೊದಲು ಫೋನು ಮಾಡುತ್ತಿದ್ದರು. ನನಗೆ ಹೇಳಲು ಏನೂ ಇರುತ್ತಿರಲಿಲ್ಲ. ಕ್ರಮೇಣ ಅದೂ ಕಡಿಮೆಯಾಯಿತು.

ವಡೋದರಾದ ಮನೆಗೆ ಬಂದ ವಾರ, ಎದುರು ಮನೆಯ ಗುಜರಾತಿ ಹೆಂಗಸು ತಟ್ಟೆಯಲ್ಲಿ ಢೋಕ್ಲಾ ತಂದರು. ಒಳ್ಳೆಯ ಹೆಂಗಸು. ಎಲ್ಲಿಯವರು, ಏನು ಕೆಲಸ ಎಂದೆಲ್ಲ ಕೇಳಿದ ಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದರು, ಮಕ್ಕಳೆಷ್ಟು ಎಂದು, “ಬಚ್ಚೇ ಕಿತನೇ ಹೈ?”

“ಏಕ್. ಬೇಟೀ,” ಎಂದರು ಗಂಡ.

“ನಹೀ ಹೈ,” ಎಂದೆ ನಾನು.

ಎರಡೂ ಮಾತು ಒಟ್ಟಿಗೇ ಬಂದವು. ಆಕೆ ನಮ್ಮಿಬ್ಬರ ಮುಖವನ್ನೂ ನೋಡಿ, ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಿಸಿಯಿದ್ದಾಗಲೇ ತಿನ್ನಿ ಎಂದು ಹೇಳಿ ಹೊರಟುಹೋದರು. ನಾವು ತಿನ್ನಲಿಲ್ಲ. ಯಾರ ಉತ್ತರ ಸರಿ ಎಂದು ಅಂದೂ ಮಾತಾಡಲಿಲ್ಲ, ಆಮೇಲೂ ಮಾತಾಡಲಿಲ್ಲ. ಈಗ ಯಾರ ಮನೆಗಾದರೂ ಹೋಗಬೇಕಾಗಿ ಬಂದರೆ ಒಬ್ಬೊಬ್ಬರೇ ಹೋಗುತ್ತೇವೆ. ಅವರು ಹೋದ ಮನೆಗಳಲ್ಲಿ ನಮಗೆ ಒಬ್ಬ ಮಗಳಿದ್ದಾಳೆ. ನಾನು ಹೋದ ಮನೆಗಳಲ್ಲಿ ಯಾರೂ ಇಲ್ಲ.